ರಜೆಯಿಂದ ಬಂದ ಮೀನು ಕೆರೆಗೆ ಹೋಗುವವರೆಗೆ

ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆಯುವ ಹೊತ್ತಿಗೆ ನನಗೆ ಒಂದಲ್ಲ ಒಂದು ಫೋನ್ ಬಂದೇ ಬರುತ್ತದೆ. ಇಪ್ಪತ್ತು ವರ್ಷದಿಂದ ಮೈಸೂರಿನ ಮನೆಯಲ್ಲಿ ಮೀನು ಸಾಕುತ್ತಿದ್ದೇನೆ ಎಂಬುದು ನೆಂಟರಿಷ್ಟರಿಗೆಲ್ಲ ಗೊತ್ತು. ಈ ಸಲದ ಕರೆ ಬಂದದ್ದು ಬ್ಯಾಂಕಾಕಿನಿಂದ, ಅದೂ ಚಟುಚಾಕ್ ಸಂತೆಯ ಗದ್ದಲದ ನಡುವಿನಿಂದ. ಮಾತನಾಡಿದವನು ಕುವೆಂಪುನಗರದಲ್ಲಿರುವ ನನ್ನ ಭಾವಮೈದುನ.

“ಭಾವ, ಇಲ್ಲಿನ ಫೈಟರ್ ಮೀನುಗಳನ್ನು ನೀವು ನೋಡಬೇಕಿತ್ತು. ಒಂದೊಂದು ಬಾಟಲಿಯಲ್ಲಿ ಒಂದೊಂದು. ನಾಲ್ಕು ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿಗೆ ಹಾಕಿದರೆ ಯಾರಿಗೆ ಗೊತ್ತಾಗುತ್ತದೆ?”

ಯಾರಿಗೂ ಗೊತ್ತಾಗದೆ ಇರಬಹುದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವ ಪ್ರಸಂಗವೇ ಬಾರದೆ ಇರಬಹುದು. ನನ್ನ ತಕರಾರು ಬೇರೆ. ಮೀನು ತರಬಹುದೇ ಎಂದು ಕೇಳುವವರೆಲ್ಲರೂ ಪ್ರಯಾಣದ ಹದಿನೈದು ಗಂಟೆಗಳ ಬಗ್ಗೆಯೇ ಕೇಳುತ್ತಾರೆ: ವಿಮಾನದಲ್ಲಿ ಬಿಡುತ್ತಾರೆಯೇ, ದಾರಿಯಲ್ಲಿ ಸತ್ತುಹೋಗುತ್ತದೆಯೇ. ಎರಡು ವರ್ಷದ ನಂತರ ಆ ಮೀನು ಎಲ್ಲಿರುತ್ತದೆ ಎಂದು ಒಬ್ಬರೂ ಕೇಳಿದ್ದಿಲ್ಲ. ಮೀನು ಸತ್ತರೆ ನಷ್ಟ ಒಂದು ಮನೆಯದು. ಅದು ಬದುಕಿ, ಬೆಳೆದು, ಸಾಕಿದವರಿಗೆ ಬೇಸರ ಬಂದರೆ ಆಗುವ ನಷ್ಟ ಊರಿನದು.

ಮೊದಲು ಕಾನೂನು. ಹೊರದೇಶದಿಂದ ಜೀವಂತ ಮೀನು ತರುವುದನ್ನು ನಿಯಂತ್ರಿಸುವ ಕಾಯ್ದೆಯ ಹೆಸರು ಕೇಳಿದರೆ ನಗು ಬರುತ್ತದೆ: 1898ರ ಜಾನುವಾರು ಆಮದು ಕಾಯ್ದೆ. ಎತ್ತು, ಕುದುರೆಗಳ ಕಾಲದ ಈ ಕಾಯ್ದೆಯ ವ್ಯಾಪ್ತಿಗೆ ಇಂದು ಗಾಜಿನ ತೊಟ್ಟಿಯ ಗಪ್ಪಿಯೂ ಬರುತ್ತದೆ. ಕೇಂದ್ರ ಸರ್ಕಾರದಿಂದ ಮುಂಚಿತವಾಗಿ ಪಡೆದ ಆಮದು ಪರವಾನಗಿ, ಕಳುಹಿಸುವ ದೇಶದ ಆರೋಗ್ಯ ಪ್ರಮಾಣಪತ್ರ, ಗೊತ್ತುಪಡಿಸಿದ ವಿಮಾನ ನಿಲ್ದಾಣದ ಮೂಲಕವೇ ಪ್ರವೇಶ, ಬಂದ ಮೇಲೆ ಕ್ವಾರಂಟೈನ್. ಇಷ್ಟೂ ವ್ಯಾಪಾರಿಗಳಿಗಾಗಿ ಮಾಡಿದ ವ್ಯವಸ್ಥೆ. ಪ್ರವಾಸಿಯ ಸಾಮಾನಿನ ಜೊತೆ ಬರಬಹುದಾದ ಸಾಕುಪ್ರಾಣಿ ಎಂದರೆ ನಾಯಿ ಮತ್ತು ಬೆಕ್ಕು ಮಾತ್ರ. ಅದೂ ವಿದೇಶವಾಸ ಮುಗಿಸಿ ನೆಲೆ ಬದಲಿಸಿ ಬರುವವರಿಗೆ. ಐದು ದಿನ ಥಾಯ್ಲೆಂಡ್ ಸುತ್ತಿ ಬರುವವರ ಚೀಲದೊಳಗಿನ ಮೀನಿಗೆ ಈ ಪಟ್ಟಿಯಲ್ಲಿ ಜಾಗವೇ ಇಲ್ಲ.

ದೇಶದೊಳಗಿನ ಪ್ರವಾಸಕ್ಕೆ ಈ ಗೋಜಲಿಲ್ಲ ಎಂದುಕೊಂಡರೆ ಅಂಡಮಾನ್ ಕಾದಿದೆ. ಹವಳ ಮತ್ತು ಕಡಲ್ಗುದುರೆಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ, ಅಂದರೆ ಹುಲಿಯ ಸಾಲಿನಲ್ಲಿ. ಕಡಲ್ಗುದುರೆಯನ್ನು ಬಾಟಲಿಯಲ್ಲಿ ತಂದವನಿಗೂ ಹುಲಿಯ ಉಗುರು ತಂದವನಿಗೂ ಕಾನೂನಿನ ಕಣ್ಣಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ: ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸೆರೆವಾಸ, 2022ರ ತಿದ್ದುಪಡಿಯ ನಂತರ ದಂಡ ಕನಿಷ್ಠ 25,000 ರೂಪಾಯಿ. ಪೋರ್ಟ್ ಬ್ಲೇರ್ ಈಗ ಶ್ರೀ ವಿಜಯಪುರಂ ಆಗಿದೆ, ಆದರೆ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಚೀಲದೊಳಗಿನ ಹವಳದ ತುಂಡಿಗಾಗಿ ಹುಡುಕುವ ಪದ್ಧತಿ ಬದಲಾಗಿಲ್ಲ. ಮಕ್ಕಳು ದಡದಲ್ಲಿ ಹೆಕ್ಕಿದ ಸತ್ತ ಹವಳಕ್ಕೂ ಅದೇ ನಿಯಮ.

ಏಷ್ಯಾದ ಅರೋವಾನ ಮೀನಿನ ಕಥೆ ಇನ್ನೂ ಬಿಗಿ. ಮನೆಯಲ್ಲಿಟ್ಟರೆ ದುಡ್ಡು ಬರುತ್ತದೆ ಎಂದು ನಂಬಿ ಸಾಕುವ ಕೆಂಪು, ಬಂಗಾರದ ಬಣ್ಣದ ಈ ಮೀನು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಬೆಳ್ಳಿಬಣ್ಣದ ಅರೋವಾನ ದಕ್ಷಿಣ ಅಮೆರಿಕದ ಬೇರೆಯೇ ಜಾತಿ. ಎರಡನ್ನೂ ಒಂದೇ ಎಂದು ತಿಳಿದು, ಸಿಂಗಪುರದಲ್ಲಿ ಅಗ್ಗವಾಗಿ ಸಿಕ್ಕಿತು ಎಂದು ಹೆಮ್ಮೆಪಟ್ಟವರು ನನಗೆ ಗೊತ್ತು. ಅವರು ತರಲಿಲ್ಲ, ಪುಣ್ಯ.

ಕಾನೂನನ್ನು ಬದಿಗಿಡೋಣ. ಮೀನಿನ ದೃಷ್ಟಿಯಿಂದ ಪ್ರಯಾಣ ಹೇಗಿರುತ್ತದೆ?

ಮೀನು ತುಂಬುವ ಪಾಲಿಥಿನ್ ಚೀಲವನ್ನು ನೋಡಿದ್ದೀರಲ್ಲ. ಅದರಲ್ಲಿ ಮೂರರಲ್ಲಿ ಒಂದು ಪಾಲು ನೀರು, ಎರಡು ಪಾಲು ಆಮ್ಲಜನಕ. ನೀರು ಹೆಚ್ಚಿದ್ದರೆ ಮೀನಿಗೆ ಒಳ್ಳೆಯದು ಎಂದು ಹೊಸಬರು ಚೀಲದ ಬಾಯಿಯವರೆಗೂ ನೀರು ತುಂಬಿ ಕಟ್ಟುತ್ತಾರೆ, ಮೀನು ಉಸಿರುಗಟ್ಟಿ ಸಾಯುತ್ತದೆ. ಅನುಭವಸ್ಥರು ಪ್ರಯಾಣಕ್ಕೆ ಮುಂಚೆ ಒಂದೆರಡು ದಿನ ಮೀನನ್ನು ಉಪವಾಸ ಕೆಡವುತ್ತಾರೆ. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಚೀಲದ ನೀರು ಬೇಗ ಕೆಡುವುದಿಲ್ಲ. ಆದರೂ ಉಸಿರಾಡುವ ಮೀನು ಕಿವಿರಿನ ಮೂಲಕ ಅಮೋನಿಯಾ ಬಿಡುತ್ತಲೇ ಇರುತ್ತದೆ, ಜೊತೆಗೆ ಇಂಗಾಲದ ಡೈಆಕ್ಸೈಡನ್ನೂ. ಇಲ್ಲಿ ಪ್ರಕೃತಿ ಒಂದು ಉಪಕಾರ ಮಾಡುತ್ತದೆ: ಇಂಗಾಲದ ಡೈಆಕ್ಸೈಡ್ ಕರಗಿ ನೀರು ಹುಳಿಯಾಗುತ್ತದೆ, ಹುಳಿ ನೀರಿನಲ್ಲಿ ಅಮೋನಿಯಾ ಅಷ್ಟೇನೂ ವಿಷವಲ್ಲದ ಅಮೋನಿಯಂ ರೂಪದಲ್ಲಿ ಉಳಿಯುತ್ತದೆ. ಹಾಗಾಗಿಯೇ ಹದಿನೈದು ಗಂಟೆಯ ಹೊಲಸು ನೀರಿನಲ್ಲಿಯೂ ಮೀನು ಜೀವ ಹಿಡಿದುಕೊಂಡಿರುತ್ತದೆ.

ಅಪಾಯವಿರುವುದು ಮನೆ ತಲುಪಿದ ಮೇಲೆ. ಕೆಲವು ವರ್ಷಗಳ ಹಿಂದೆ ಪಕ್ಕದ ಬೀದಿಯ ಹುಡುಗನೊಬ್ಬ ಚೆನ್ನೈನಿಂದ ತರಿಸಿದ ಮೀನಿನ ಥರ್ಮೋಕೋಲ್ ಪೆಟ್ಟಿಗೆಯನ್ನು ನಮ್ಮ ಮನೆಯ ಜಗಲಿಯ ಮೇಲೆ ಬಿಚ್ಚಿದ. ಆರು ಮೀನು, ಆರೂ ಈಜಾಡುತ್ತಿದ್ದವು. ಚೀಲದ ರಬ್ಬರ್ ಬ್ಯಾಂಡ್ ಬಿಚ್ಚಿ, ಸ್ವಲ್ಪ ಗಾಳಿಯಾಡಲಿ ಎಂದು ಬಾಯಿ ತೆರೆದಿಟ್ಟು ಕಾಫಿ ಕುಡಿಯಲು ಒಳಗೆ ಬಂದ. ಇಪ್ಪತ್ತು ನಿಮಿಷ ಕಳೆದು ಹೋಗಿ ನೋಡಿದರೆ ನಾಲ್ಕು ಮೀನು ಓರೆಯಾಗಿ ತೇಲುತ್ತಿದ್ದವು, ಕಿವಿರುಗಳು ಕಡುಗೆಂಪಾಗಿದ್ದವು. ಚೀಲ ತೆರೆದ ಕೂಡಲೇ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ನೀರಿನ ಹುಳಿ ಇಳಿದು, ಪಿಎಚ್ ಮಟ್ಟ ಏರುತ್ತದೆ. ಪಿಎಚ್ ಒಂದು ಅಂಕ ಏರಿದರೆ ವಿಷದ ಅಮೋನಿಯಾದ ಪಾಲು ಸುಮಾರು ಹತ್ತುಪಟ್ಟು ಹೆಚ್ಚುತ್ತದೆ. ದಾರಿಯುದ್ದಕ್ಕೂ ಮಲಗಿದ್ದ ವಿಷ ಜಗಲಿಯ ಮೇಲೆ ಎದ್ದು ಕೂತಿತ್ತು. ದೂರದಿಂದ ಬಂದ ಚೀಲವನ್ನು ಬಿಚ್ಚದೆ ತೊಟ್ಟಿಯ ನೀರಿನಲ್ಲಿ ಇಪ್ಪತ್ತು ನಿಮಿಷ ತೇಲಿಸಿ, ಬಿಸಿ ಹೊಂದಿದ ಮೇಲೆ ಬಿಚ್ಚಿ, ಮೀನನ್ನು ಬೇಗ ಬಲೆಯಲ್ಲಿ ಎತ್ತಿ ಹೊಸ ನೀರಿಗೆ ಬಿಡಬೇಕು. ಚೀಲದ ನೀರನ್ನು ಬಚ್ಚಲಿಗೆ ಚೆಲ್ಲಬೇಕು, ತೊಟ್ಟಿಗಲ್ಲ. ಇದನ್ನು ಆ ಹುಡುಗನಿಗೆ ಮೊದಲೇ ಹೇಳಲಿಲ್ಲವಲ್ಲ ಎಂಬ ಸಂಕಟ ನನಗಿನ್ನೂ ಇದೆ.

ಫೈಟರ್ ಮೀನು ಮಾತ್ರ ಈ ಲೆಕ್ಕಕ್ಕೆ ಸ್ವಲ್ಪ ಹೊರತು. ಅದರ ಕಿವಿರಿನ ಮೇಲ್ಭಾಗದಲ್ಲಿ ನೇರವಾಗಿ ಗಾಳಿಯನ್ನೇ ಹೀರುವ ಅಂಗವೊಂದಿದೆ. ಹಾಗಾಗಿ ಬೊಗಸೆ ನೀರಿನಲ್ಲಿಯೂ ಅದು ದಿನ ದೂಡುತ್ತದೆ, ಬಾಟಲಿಯಲ್ಲಿ ಮಾರಾಟವಾಗುತ್ತದೆ, ಸೂಟ್‌ಕೇಸಿನ ಆಸೆ ಹುಟ್ಟಿಸುತ್ತದೆ. ಥಾಯ್ಲೆಂಡ್ 2019ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಬಾಳುವ ಶಕ್ತಿಯೇ ಅದಕ್ಕೆ ಶಾಪವಾದಂತಿದೆ.

ಸಮುದ್ರದ ಮೀನಿನ ಮಾತೇ ಬೇರೆ. ಸಿಹಿನೀರಿನ ಅಲಂಕಾರದ ಮೀನುಗಳಲ್ಲಿ ಬಹುಪಾಲು ತೊಟ್ಟಿಯಲ್ಲೇ ಹುಟ್ಟಿ ಬೆಳೆದವು. ಸಮುದ್ರದ ಬಣ್ಣದ ಮೀನುಗಳಲ್ಲಿ ಬಹುಪಾಲು ಇಂದಿಗೂ ಹವಳದ ದಿಬ್ಬಗಳಿಂದ ಹಿಡಿದವು. ಫಿಲಿಪ್ಪೀನ್ಸಿನಲ್ಲಿ 1960ರ ದಶಕದಲ್ಲಿ ಶುರುವಾಗಿ ಇಂಡೋನೇಷ್ಯಾಕ್ಕೂ ಹಬ್ಬಿದ ವಿಧಾನವೊಂದಿದೆ: ಹವಳದ ಸಂದಿಗೆ ಸೋಡಿಯಂ ಸಯನೈಡ್ ಪಿಚಕಾರಿ ಹೊಡೆಯುವುದು. ಮತ್ತೇರಿದ ಮೀನು ಕೈಗೆ ಸಿಗುತ್ತದೆ, ಹವಳ ಸಾಯುತ್ತದೆ. ಹಾಗೆ ಹಿಡಿದ ಮೀನು ಅಂಗಡಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ, ಕೆಲವು ವಾರಗಳ ನಂತರ ಕಾರಣ ತಿಳಿಯದಂತೆ ಸಾಯುತ್ತದೆ. ಕೊಂಡವರು ತಮ್ಮ ಸಾಕಣೆಯ ದೋಷವೆಂದು ಕೊರಗುತ್ತಾರೆ.

ಬದುಕಿ ಮೈಸೂರಿಗೆ ಬಂತು ಎಂದೇ ಇಟ್ಟುಕೊಳ್ಳಿ. ಲೀಟರಿಗೆ 35 ಗ್ರಾಂ ಉಪ್ಪಿರುವ ನೀರು ಬೇಕು, ಅದೂ ಅಡುಗೆಮನೆಯ ಉಪ್ಪಲ್ಲ. 25 ಡಿಗ್ರಿಯ ಬಿಸಿ ಹಗಲೂ ರಾತ್ರಿ ಬೇಕು. ನಮ್ಮ ಡಿಸೆಂಬರಿನ ರಾತ್ರಿಗಳು 16 ಡಿಗ್ರಿಗೆ ಇಳಿಯುತ್ತವೆ. ಮೀನಿನ ಹೊಲಸನ್ನು ಕರಗಿಸುವ ಬ್ಯಾಕ್ಟೀರಿಯಾ ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ರಜೆಯಿಂದ ಬಂದ ಮೀನು ಆರು ವಾರ ಕಾಯುವುದಿಲ್ಲ. ಮೊದಲು ಮೀನು ತಂದು ಆಮೇಲೆ ತೊಟ್ಟಿ ಕೊಳ್ಳುವುದು, ಮಗು ಹುಟ್ಟಿದ ಮೇಲೆ ತೊಟ್ಟಿಲಿಗೆ ಮರ ಕಡಿಯಲು ಹೋದ ಹಾಗೆ.

ಇನ್ನು ಬದುಕಿ, ಬೆಳೆದು, ತೊಟ್ಟಿ ಸಾಲದಾದ ಮೀನಿನ ಸಂಗತಿ.

ಮತ್ಸ್ಯಾವತಾರದ ಕಥೆ ನಮಗೆಲ್ಲ ಗೊತ್ತು. ಮನುವಿನ ಬೊಗಸೆಗೆ ಬಂದ ಮರಿಮೀನು ಕಾಪಾಡು ಎನ್ನುತ್ತದೆ. ಮನು ಅದನ್ನು ಕೊಡದಲ್ಲಿಡುತ್ತಾನೆ, ಕೊಡ ಸಾಲದಾಗುತ್ತದೆ. ಕೊಳಕ್ಕೆ ಬಿಡುತ್ತಾನೆ, ಕೊಳ ಸಾಲದಾಗುತ್ತದೆ. ಹೊಳೆಗೆ, ಕೊನೆಗೆ ಸಮುದ್ರಕ್ಕೆ. ಅಂಗಡಿಯಲ್ಲಿ ಎರಡಿಂಚಿದ್ದ “ಟೈಗರ್ ಶಾರ್ಕ್” ಮರಿ ಕೊಂಡ ಪ್ರತಿಯೊಬ್ಬರೂ ಮನುವೇ. ಅದು ಶಾರ್ಕ್ ಅಲ್ಲ, ಆಗ್ನೇಯ ಏಷ್ಯಾದ ನದಿಗಳ ಕ್ಯಾಟ್‌ಫಿಶ್ ಬಳಗದ ಮೀನು, ಮೀಟರು ದಾಟಿ ಬೆಳೆಯುತ್ತದೆ. ತೊಟ್ಟಿಯ ಪಾಚಿ ತಿನ್ನುತ್ತದೆ ಎಂದು ಮಾರುವ ಸಕ್ಕರ್ ಮೀನು ಒಂದೂವರೆ ಅಡಿಯಾಗುತ್ತದೆ. ಕೊಲ್ಲಲು ಮನಸ್ಸು ಬಾರದು, ಇಟ್ಟುಕೊಳ್ಳಲು ಜಾಗವಿಲ್ಲದು. ಆಗ ನೆನಪಾಗುವುದು ಕೆರೆ. ಭಾನುವಾರ ಬೆಳಿಗ್ಗೆ ಬಕೆಟ್ ಹಿಡಿದು ಹೊರಡುವ ಕೈ ಕ್ರೂರಿಯದಲ್ಲ, ಕರುಣೆ ಇರುವವರದು. ಜೀವ ಉಳಿಸಿದೆ ಎಂಬ ಸಮಾಧಾನದಿಂದಲೇ ಅವರು ಮನೆಗೆ ಹಿಂದಿರುಗುತ್ತಾರೆ. ಇಲ್ಲಿರುವ ತೊಡಕೇ ಅದು. ಕಾಯ್ದೆಯಿಂದ ಹೆದರಿಸಬಹುದಾದ ಜನ ಇವರಲ್ಲ.

ಒಂದು ಮೀನಿನಿಂದ ಏನಾಗುತ್ತದೆ ಎನ್ನುವವರಿಗೆ ಅಟ್ಲಾಂಟಿಕ್ ಸಾಗರದ ಉದಾಹರಣೆ ಸಾಕು. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ಗೆ ಸೇರಿದ, ವಿಷಮುಳ್ಳಿನ ಸಿಂಹಮೀನು 1985ರಲ್ಲಿ ಫ್ಲಾರಿಡಾ ಕಡಲಲ್ಲಿ ಮೊದಲು ಕಂಡಿತು. ಅಕ್ವೇರಿಯಂ ಸಾಕಣೆದಾರರು ಬಿಟ್ಟದ್ದೇ ಮೂಲ ಎಂದು ತಜ್ಞರು ಹೇಳುತ್ತಾರೆ. ಇಂದು ಅದು ಕೆರಿಬಿಯನ್ ಪೂರ್ತಿ ಹಬ್ಬಿ ಬ್ರೆಜಿಲ್ ತಲುಪಿದೆ. ನಮ್ಮ ಹತ್ತಿರಕ್ಕೇ ಬನ್ನಿ: 2018ರ ಪ್ರವಾಹ ಇಳಿದ ಮೇಲೆ ಕೇರಳದ ನದಿಗಳಲ್ಲಿ ಬಲೆಗೆ ಬಿದ್ದದ್ದು ಅಮೆಜಾನಿನ ಅರಪೈಮಾ ಮತ್ತು ಉತ್ತರ ಅಮೆರಿಕದ ಮೊಸಳೆ ಮೂತಿಯ ಗಾರ್ ಮೀನು. ಅದೇ ಗಾರ್ 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿಯೂ ಸಿಕ್ಕಿತು. ಅವು ತಾವಾಗಿ ಈಜಿ ಬರಲಿಲ್ಲ.

ಮೈಸೂರಿನ ನೆಲದ ಇಳಿಜಾರನ್ನು ಒಮ್ಮೆ ನೆನೆಯಿರಿ. ಊರಿನ ಉತ್ತರದ ನೀರು ಕಾವೇರಿಯ ಕಡೆ, ದಕ್ಷಿಣದ ನೀರು ಕಪಿಲೆಯ ಕಡೆ ಹರಿಯುತ್ತದೆ. ಕೆರೆ ಕೋಡಿ ಬಿದ್ದರೆ ಮೀನಿಗೆ ದಾರಿ ತೆರೆದಂತೆ. ಕೃಷ್ಣರಾಜಸಾಗರದ ಹಿನ್ನೀರಿಗೆ ಯಾರಾದರೂ ಬಿಟ್ಟರಂತೂ ವಿಶ್ವೇಶ್ವರಯ್ಯ ನಾಲೆಯೇ ಅದನ್ನು ಮಂಡ್ಯದ ಕೆರೆಗಳಿಗೂ ಗದ್ದೆಯ ಕಾಲುವೆಗಳಿಗೂ ಮುಟ್ಟಿಸುತ್ತದೆ. ಬಕೆಟ್ ಬೋರಲು ಹಾಕಿದವನಿಗೆ ಕಾಣುವುದು ಒಂದು ಕೆರೆ. ಮೀನಿಗೆ ಕಾಣುವುದು ಇಡೀ ನೀರಾವರಿ ಜಾಲ.

ಈ ಜಾಲದಲ್ಲಿ ಹೊರಗಿನ ಮೀನು ಈಗಾಗಲೇ ಬೇಕಾದಷ್ಟಿವೆ. ಸೊಳ್ಳೆಮರಿ ತಿನ್ನಲೆಂದು 1928ರಲ್ಲಿ ಗ್ಯಾಂಬೂಸಿಯಾ ದೇಶಕ್ಕೆ ಬಂತು. 1952ರಲ್ಲಿ ಆಫ್ರಿಕಾ ಮೂಲದ ಟಿಲಾಪಿಯ ಬಂತು. ನಮ್ಮ ಸಂತೆಗಳಲ್ಲಿ ಅದರ ಹೆಸರು ಜಿಲೇಬಿ. ಹೊಟ್ಟೆಬಾಕ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿಯೇ ನಿಷೇಧಿಸಿದರೂ ಅದು ಕದ್ದುಮುಚ್ಚಿ ನಡೆಯುತ್ತಲೇ ಇದೆ, ಅಧಿಕಾರಿಗಳು ಹೊಂಡಗಳನ್ನು ನಾಶ ಮಾಡುವ ಸುದ್ದಿ ಆಗಾಗ ಬರುತ್ತಲೇ ಇದೆ. ಜಿಲೇಬಿಯನ್ನು ಪೂರ್ತಿ ಬೈಯಲು ನನಗೆ ಬಾಯಿ ಬರುವುದಿಲ್ಲ. ಎಷ್ಟೋ ಮೀನುಗಾರರ ಮನೆಯ ಒಲೆ ಅದರಿಂದ ಉರಿಯುತ್ತದೆ. ಸಕ್ಕರ್ ಮೀನಿಗೆ ಆ ಸಮರ್ಥನೆಯೂ ಇಲ್ಲ. ಮೈಮೇಲೆ ಕವಚ, ಈಜುರೆಕ್ಕೆಯಲ್ಲಿ ಗಟ್ಟಿ ಮುಳ್ಳು. ಬಲೆ ಹರಿಯುತ್ತದೆ, ತಿನ್ನಲು ಯಾರೂ ಕೊಳ್ಳುವುದಿಲ್ಲ, ದಡದಲ್ಲಿ ಬಿಲ ಕೊರೆದು ಮೊಟ್ಟೆ ಇಡುತ್ತದೆ. ದಕ್ಷಿಣ ಭಾರತದ ಹಲವು ಕೆರೆ, ಹೊಳೆಗಳಲ್ಲಿ ಅದು ನೆಲೆಸಿದೆ. ಅದನ್ನು ಆಹಾರಕ್ಕಾಗಿ ಯಾರೂ ತರಲಿಲ್ಲ. ಬಂದದ್ದು ಅಕ್ವೇರಿಯಂ ಅಂಗಡಿಯ ಬಾಗಿಲಿನಿಂದಲೇ.

ಹೊರಗಿನದು ಎಂದರೆ ವಿದೇಶದ್ದೇ ಆಗಬೇಕಿಲ್ಲ. ನಮ್ಮ ಬಿಳಿಮೀನಿನ, ಅಂದರೆ ಮಹಶೀರ್‌ನ ಕಥೆ ಇದಕ್ಕೆ ಸಾಕ್ಷಿ. ಬೇಟೆಯ ಪ್ರಾಣಿಗಳ ಚರ್ಮ ಹದಮಾಡಿ ಮೈದುಂಬಿಸುವ ಕಸುಬಿಗೆ ಹೆಸರಾಗಿದ್ದ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಒಬ್ಬರು 1946ರಲ್ಲಿ ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡ್ ತೂಗಿತು, ಸುಮಾರು 54 ಕಿಲೋ. ಕಾವೇರಿ ಕೊಳ್ಳದಲ್ಲಿ ಮಾತ್ರ ಇರುವ, ಬೆನ್ನು ಉಬ್ಬಿದ ಈ ಮಹಶೀರ್ ಇಂದು ಅಳಿವಿನ ಕಟ್ಟಕಡೆಯ ಅಂಚಿನಲ್ಲಿದೆ ಎಂದು 2018ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿ ಗುರುತಿಸಿತು. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದಿನ ಮೀನುಗಾರಿಕೆ ಎಲ್ಲವೂ ಕಾರಣ ನಿಜ. ಅದರ ಜೊತೆಗೆ, ಮಹಾರಾಷ್ಟ್ರದ ಲೋನಾವಲದಲ್ಲಿ ಮರಿ ಮಾಡಿಸಿದ ನೀಲಿ ರೆಕ್ಕೆಯ ಮಹಶೀರನ್ನು ಕಾವೇರಿಗೆ ಬಿಟ್ಟದ್ದೂ ಒಂದು ಕಾರಣ. ಬಿಟ್ಟವರ ಉದ್ದೇಶ ಒಳ್ಳೆಯದೇ: ಮಹಶೀರ್ ಕಡಿಮೆಯಾಗಿದೆ, ಹೆಚ್ಚಿಸೋಣ ಎಂದು. ಹೆಸರು ಒಂದೇ, ಜಾತಿ ಬೇರೆ. ಹೊಸಬ ಹೆಚ್ಚಿದ, ಮನೆಯೊಡೆಯ ಮೂಲೆ ಸೇರಿದ. ತಜ್ಞರೇ ಹೀಗೆ ಎಡವಿರುವಾಗ, ಕೊಡಗಿನ ತೊರೆಯಲ್ಲಿ ಹಿಡಿದ ನಾಲ್ಕು ಮರಿಗಳನ್ನು ನೀರಿನ ಬಾಟಲಿಯಲ್ಲಿ ತಂದು, ಸಾಕಿ ಬೇಸರವಾದ ಮೇಲೆ ಲಿಂಗಾಂಬುಧಿ ಕೆರೆಗೆ ಬಿಡುವ ನಮ್ಮ ನಿಮ್ಮ ಲೆಕ್ಕಾಚಾರ ಎಷ್ಟು ಗಟ್ಟಿ?

ಮೀನಿನ ಜೊತೆ ಕಣ್ಣಿಗೆ ಕಾಣದ ಪ್ರಯಾಣಿಕರೂ ಇರುತ್ತಾರೆ. ಮೈಮೇಲೆ ಕೆಂಪು ಹುಣ್ಣಾಗಿ ಮೀನು ಸಾಯುವ ರೋಗವೊಂದು ಆಗ್ನೇಯ ಏಷ್ಯಾದಿಂದ ಸಾಗಿ, 1988ರಲ್ಲಿ ಭಾರತದ ಈಶಾನ್ಯ ಗಡಿ ದಾಟಿ, ಕೆಲವೇ ವರ್ಷಗಳಲ್ಲಿ ದೇಶದ ಉದ್ದಗಲಕ್ಕೆ ಹಬ್ಬಿತು. ಕೊರವ, ಕುಚ್ಚು ಮೀನುಗಳ ಮೇಲಿನ ಹುಣ್ಣು ನೋಡಿ ಜನ ಮೀನು ತಿನ್ನುವುದನ್ನೇ ಬಿಟ್ಟಿದ್ದರು. ಅದಕ್ಕೆ ಕಾರಣವಾದ ಶಿಲೀಂಧ್ರದಂಥ ಜೀವಿ ದೇಶದಿಂದ ದೇಶಕ್ಕೆ ದಾಟಿದ್ದರಲ್ಲಿ ಅಲಂಕಾರದ ಮೀನಿನ ವ್ಯಾಪಾರದ ಕೈಯೂ ಇದೆ ಎಂಬ ಬಲವಾದ ಶಂಕೆ ತಜ್ಞರಲ್ಲಿದೆ. ಚೀಲದ ನೀರನ್ನು ಬಚ್ಚಲಿಗೆ ಚೆಲ್ಲಿ ಎಂದೆನಲ್ಲ, ಅದಕ್ಕೆ ಇದೂ ಕಾರಣ. ಕ್ವಾರಂಟೈನ್ ಎಂಬ ಗೊಡ್ಡು ನಿಯಮದ ಹಿಂದಿರುವುದೂ ಇದೇ ಹುಣ್ಣು.

ಇಷ್ಟೆಲ್ಲ ಮಾಡಿ ತರುವ ಮೀನು ಇಲ್ಲಿ ಸಿಗುವುದಿಲ್ಲವೇ ಎಂದರೆ, ಸಿಗುತ್ತದೆ. ಚೆನ್ನೈನ ಕೊಳತ್ತೂರಿನಲ್ಲಿ ಮನೆಮನೆಯ ಹಿತ್ತಿಲಲ್ಲೂ ಅಲಂಕಾರದ ಮೀನಿನ ತೊಟ್ಟಿಗಳಿವೆ. ದಕ್ಷಿಣದ ಅಂಗಡಿಗಳಿಗೆ ಬರುವ ಸರಕಿನಲ್ಲಿ ದೊಡ್ಡ ಪಾಲು ಅಲ್ಲಿನದು. ಬ್ಯಾಂಕಾಕಿನಲ್ಲಿ ಕಂಡ ಅರ್ಧಚಂದ್ರ ಬಾಲದ ಫೈಟರ್ ನಮ್ಮೂರಿನ ಅಂಗಡಿಗೂ ಬರುತ್ತದೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವುದನ್ನು ಸಾಧಿಸಿ ಬಹಳ ಕಾಲವಾಯಿತು. ಅಂಗಡಿಯ ಮೀನಿಗೆ ಪ್ರವಾಸದ ಕಥೆ ಇರುವುದಿಲ್ಲ, ಅಷ್ಟೇ ಕೊರತೆ. ಬೆಳೆದು ದೊಡ್ಡದಾದ ಮೀನನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಂಗಡಿಯವರು ಇದ್ದಾರೆ, ಹುಡುಕಬೇಕು. ದೊಡ್ಡ ತೊಟ್ಟಿಯಿರುವ ಸಾಕಣೆದಾರರು ಸಿಗುತ್ತಾರೆ. ಏನೂ ದಾರಿಯಿಲ್ಲದಾಗ ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿ ಮೀನನ್ನು ಮಂಪರಿಗೆ ಕಳುಹಿಸಿ, ನೋವಿಲ್ಲದೆ ಕೊನೆಗಾಣಿಸುವ ಕ್ರಮವೂ ಇದೆ. ಬರೆಯಲು ಹಿತವಾದ ಸಾಲಲ್ಲ ಇದು. ಕೆರೆಗೆ ಬಿಡುವುದಕ್ಕಿಂತ ಅದು ಮೇಲು ಎಂದೇ ನನ್ನ ಅಭಿಪ್ರಾಯ.

ಮೂರು ವರ್ಷದ ಹಿಂದೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆಯಲ್ಲಿದ್ದಾಗ, ಹಿರಿಯರೊಬ್ಬರು ಮುಚ್ಚಳ ಮುಚ್ಚಿದ ಬಣ್ಣದ ಡಬ್ಬಿ ಹಿಡಿದು ನೀರಿನ ಅಂಚಿಗೆ ಇಳಿಯುತ್ತಿದ್ದರು. ಕೇಳಿದೆ. ಫ್ಲವರ್‌ಹಾರ್ನ್. ಮಲೇಷ್ಯಾ ಪ್ರವಾಸದಿಂದ ಅಳಿಯ ತಂದದ್ದಂತೆ, ಆಗ ಹೆಬ್ಬೆರಳಿನಷ್ಟಿತ್ತಂತೆ, ಮನೆಗೆ ಅದೃಷ್ಟ ತರುತ್ತದೆ ಎಂದು ಅಳಿಯ ಹೇಳಿದ್ದನಂತೆ. ಈಗ ಅಳಿಯ ಪುಣೆಯಲ್ಲಿದ್ದಾನೆ, ಮೀನು ಇಲ್ಲಿದೆ. “ನೋಡಿ ಸ್ವಾಮಿ, ಕೊಲ್ಲುವ ಪಾಪ ನನಗೇಕೆ?” ಎಂದರು. ಅವರೊಡನೆ ವಾದ ಮಾಡುವ ಧೈರ್ಯ ನನಗಾಗಲಿಲ್ಲ. ಡಬ್ಬಿಯನ್ನು ಇಸಿದುಕೊಂಡು ಮನೆಗೆ ಬಂದೆ.

ಫ್ಲವರ್‌ಹಾರ್ನ್ ಯಾವ ನದಿಯದೂ ಅಲ್ಲ. ಮಧ್ಯ ಅಮೆರಿಕದ ಮೀನುಗಳನ್ನು ಬೆರಕೆ ಮಾಡಿ 1990ರ ದಶಕದಲ್ಲಿ ಮಲೇಷ್ಯಾದಲ್ಲಿ ರೂಪಿಸಿದ ತಳಿ. ಹಿಂದಿರುಗಿ ಹೋಗಲು ಅದಕ್ಕೆ ಊರೇ ಇಲ್ಲ. ನಾಲ್ಕಡಿಯ ತೊಟ್ಟಿಯಲ್ಲಿ ಒಂಟಿಯಾಗಿದೆ, ಜೊತೆಗೆ ಏನನ್ನು ಬಿಟ್ಟರೂ ಕಚ್ಚಿ ಕೊಲ್ಲುತ್ತದೆ. ಗಾಜಿನ ಮೇಲೆ ಬೆರಳಿಟ್ಟರೆ ಹಣೆಯ ಗುಬುಟು ಬಡಿಯುವಂತೆ ನುಗ್ಗುತ್ತದೆ. ಬ್ಯಾಂಕಾಕಿನಿಂದ ಬರಿಗೈಯಲ್ಲಿ ಬಂದ ಭಾವಮೈದುನ ಕಳೆದ ವಾರ ಮನೆಗೆ ಬಂದವನು ಅರ್ಧ ಗಂಟೆ ಅದರ ಮುಂದೆಯೇ ಕುಳಿತಿದ್ದ.

“ಇದು ಇನ್ನೂ ಎಷ್ಟು ವರ್ಷ ಬದುಕುತ್ತದೆ ಭಾವ?”

“ಐದಾರು ವರ್ಷ ಇದ್ದೀತು.”

“ಅಲ್ಲಿಯವರೆಗೆ ಈ ತೊಟ್ಟಿಗೆ ಬೇರೆ ಮೀನು ಹಾಕುವಂತಿಲ್ಲವೇ?”

ಹಾಕುವಂತಿಲ್ಲ ಎಂದೆ. ಅವನು ಮೊಬೈಲಿನಲ್ಲಿ ಚಟುಚಾಕ್ ಸಂತೆಯ ಫೈಟರ್ ಮೀನುಗಳ ಚಿತ್ರ ತೋರಿಸಿದ. ನಿಜಕ್ಕೂ ಚೆನ್ನಾಗಿದ್ದವು.